ಒಂದು ಒತ್ತು, ಲಕ್ಷಾಂತರ ಹನಿ: ಕೈ ಸ್ಪ್ರೇಯರ್ ವಿನ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಗಾಜು ಒರೆಸುವ ದ್ರವದ ಬಾಟಲಿ ಖಾಲಿಯಾದಾಗ ಅದರ ತಲೆಯನ್ನು ಬಿಸಾಡಬೇಡಿ. ಒಂದು ಸಂಜೆ ಬಿಡುವು ಮಾಡಿಕೊಂಡು ಬಿಚ್ಚಿ ನೋಡಿ. ನನ್ನ ಮೇಜಿನ ಮೇಲೆ ಈಗ ಅಂಥದ್ದೊಂದು ತಲೆ ಬಿಚ್ಚಿ ಹರಡಿದೆ. ಟ್ರಿಗರ್, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಗೋಲಿ, ಬಾಲ್ ಪೆನ್ನಿನಲ್ಲಿ ಇರುವಂಥ ಸ್ಪ್ರಿಂಗು, ಪಿಸ್ಟನ್, ಉದ್ದ ಕೊಳವೆ, ತುದಿಗೆ ಕಿತ್ತಳೆ ಬಣ್ಣದ ಚೌಕ ಮೂತಿ. ಕರೆಂಟಿಲ್ಲ, ಮೋಟರಿಲ್ಲ. ಆದರೂ ಒಂದು ಸಲ ಒತ್ತಿದರೆ ಒಂದು ಎಂ.ಎಲ್. ನೀರು ಮಂಜಾಗಿ ಹಾರುತ್ತದೆ.

ಆ ಒಂದು ಎಂ.ಎಲ್. ನೂರು ಮೈಕ್ರಾನ್ ಅಗಲದ ಹನಿಗಳಾಗಿ ಒಡೆಯಿತು ಅಂದುಕೊಳ್ಳಿ. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಲೆಕ್ಕ ಹಾಕಿದರೆ ಸುಮಾರು 19 ಲಕ್ಷ ಹನಿ! ಒಂದೇ ದೊಡ್ಡ ಹನಿಯಾಗಿದ್ದಾಗ ಅದರ ಮೈ ಐದು ಚದರ ಸೆಂಟಿಮೀಟರೂ ಇರಲಿಲ್ಲ. ಒಡೆದ ಮೇಲೆ ಎಲ್ಲ ಹನಿಗಳ ಮೈ ಸೇರಿ 600 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟು.

ಸ್ವಂತವಾಗಿ ಸ್ಪ್ರೇಯರ್ ಮಾಡಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮನೆಯಲ್ಲೇ ಬೇವಿನೆಣ್ಣೆ ದ್ರಾವಣ, ಕ್ಲೀನರ್ ಮಾಡಿ ಮಾರುವವರು, ಎಲ್ಲರೂ ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಪಂಪಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಸರಿಯಾದ ದಾರಿ ಉಲ್ಟಾ. ಹನಿಯಿಂದ ಶುರು ಮಾಡಿ, ಅಲ್ಲಿಂದ ಮೂತಿಗೆ, ಮೂತಿಯಿಂದ ಪಿಸ್ಟನ್ನಿಗೆ, ಕೊನೆಗೆ ಕೈಗೆ ಬನ್ನಿ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

ಹಂತ 1: ಎಷ್ಟು ದೊಡ್ಡ ಹನಿ ಬೇಕು?

ಸಣ್ಣ ಹನಿ ಆದಷ್ಟೂ ಒಳ್ಳೆಯದು ಅಂತ ನಮಗೆಲ್ಲ ಒಂದು ನಂಬಿಕೆ. ಅದು ಅರ್ಧ ಸತ್ಯ. ಹನಿಯ ಅಗಲ ಅರ್ಧಕ್ಕಿಳಿಸಿದರೆ ಅದೇ ದ್ರವದಿಂದ ಎಂಟು ಪಟ್ಟು ಹನಿ ಸಿಗುತ್ತವೆ, ನಿಜ. ಆದರೆ ಸಣ್ಣ ಹನಿ ಹೇಳಿದ ಮಾತು ಕೇಳುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ 100 ಮೈಕ್ರಾನ್ ಹನಿ 3 ಮೀಟರ್ ಕೆಳಗೆ ಬೀಳಲು ಸುಮಾರು 11 ಸೆಕೆಂಡು ಸಾಕು. 10 ಮೈಕ್ರಾನಿನ ಹನಿಗೆ, ಮಧ್ಯದಲ್ಲಿ ಆವಿಯಾಗದೆ ಉಳಿದರೆ, 17 ನಿಮಿಷ ಬೇಕು. ಅಷ್ಟು ಹೊತ್ತು ಅದು ತೇಲುತ್ತಿರುತ್ತದೆ, ನೀವು ಉಸಿರಾಡುತ್ತಿರುತ್ತೀರಿ. 10 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳಕ್ಕೂ ಇಳಿಯಬಲ್ಲದು.

ಹಾಗಾಗಿ ಕೆಲಸ ನೋಡಿ ಹನಿ ಆರಿಸಿ. ಪನ್ನೀರು, ಸೆಂಟಿನಂಥವಕ್ಕೆ ಸುಮಾರು 50ರಿಂದ 80 ಮೈಕ್ರಾನ್ ಹಿತವಾಗಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅಡುಗೆ ಕಟ್ಟೆ, ಗಾಜು ಒರೆಸುವ ದ್ರವಕ್ಕೆ ನೂರು ದಾಟಲಿ. ಇಲ್ಲದಿದ್ದರೆ ಕೆಮ್ಮು ಗ್ಯಾರಂಟಿ. ಗಿಡದ ಎಲೆಗೆ ಹೊಡೆಯುವ ಔಷಧಿಗೆ 100ರಿಂದ 300. ಕಳೆನಾಶಕಕ್ಕೆ ಇನ್ನೂ ದಪ್ಪ ಹನಿಯೇ ಬೇಕು. ಅದು ಗಾಳಿಗೆ ತೇಲಿ ಪಕ್ಕದವರ ಟೊಮೇಟೊ ಸಾಲಿಗೆ ಹೋದರೆ ಜಗಳ ತಪ್ಪಿದ್ದಲ್ಲ.

ಒಂದು ಕಾಗದದ ಮೇಲೆ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನದ್ದೆಲ್ಲ ಅದರ ಸುತ್ತಲೇ.

ಹಂತ 2: ಗಾಳಿಯಿಂದ ಒಡೆಯಬೇಕೋ, ಒತ್ತಡದಿಂದಲೋ?

ಕೈಯಿಂದ ದ್ರವ ಒಡೆಯಲು ಎರಡು ದಾರಿ ಇವೆ. ಮೊದಲನೆಯದು ಗಾಳಿ ಊದುವುದು. ಸೊಳ್ಳೆಗೆ ಹೊಡೆಯುತ್ತಿದ್ದ ಹಳೇ ಫ್ಲಿಟ್ ಪಂಪು ನೆನಪಿದೆಯಾ? ಮುಂದೆ ಡಬ್ಬಿ, ಹಿಂದೆ ಉದ್ದ ಸಿಲಿಂಡರ್, ಮನೆಯೆಲ್ಲ ಸೀಮೆಎಣ್ಣೆ ವಾಸನೆ. ಅದರಲ್ಲಿ ಕೈ ತಳ್ಳುವುದು ದ್ರವವನ್ನಲ್ಲ, ಗಾಳಿಯನ್ನು. ಡಬ್ಬಿಯಿಂದ ಮೇಲೆ ಬಂದ ಸಣ್ಣ ಕೊಳವೆಯ ಬಾಯಿಯ ಮೇಲೆ ಆ ಗಾಳಿ ರಭಸವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ, ದ್ರವ ತಾನಾಗಿ ಮೇಲೇರುತ್ತದೆ, ಗಾಳಿಯ ಹೊಡೆತಕ್ಕೆ ಚೂರಾಗುತ್ತದೆ. ರಬ್ಬರ್ ಬುಗ್ಗೆ ಹಿಸುಕುವ ಹಳೇ ಸೆಂಟಿನ ಬಾಟಲಿಯದೂ ಇದೇ ತತ್ವ. ಅಮೆರಿಕದ ಟೊಲೀಡೊ ಊರಿನ ಡಾ. ಅಲೆನ್ ಡಿವಿಲ್ಬಿಸ್ 1880ರ ದಶಕದಲ್ಲಿ ಇಂಥದ್ದನ್ನು ಮಾಡಿದ್ದು ರೋಗಿಗಳ ಗಂಟಲಿಗೆ ಔಷಧಿ ಹಾಕಲು. ಸೆಂಟಿನ ಸೊಗಸು ಆಮೇಲೆ ಬಂದದ್ದು.

ಎರಡನೆಯದು ದ್ರವವನ್ನೇ ಒತ್ತಿ ಸಣ್ಣ ತೂತಿನಿಂದ ಹೊರಗೆ ಬಿಡುವುದು. ಈಗಿನ ಟ್ರಿಗರ್ ಬಾಟಲಿ, ಬೆರಳಿನಿಂದ ಒತ್ತುವ ಸ್ಯಾನಿಟೈಸರ್ ಪಂಪು, ಬೆನ್ನಿಗೆ ಹಾಕಿಕೊಳ್ಳುವ 16 ಲೀಟರ್ ಸ್ಪ್ರೇಯರ್, ಎಲ್ಲವೂ ಇದೇ ಜಾತಿ.

ನನ್ನ ಸಲಹೆ, ಎರಡನೆಯದನ್ನೇ ಹಿಡಿಯಿರಿ. ಗಾಳಿಯ ದಾರಿಯಲ್ಲಿ ಹನಿ ನಯವಾಗಿ ಬರುತ್ತದೆ. ಆದರೆ ಕೈ ತುಂಬ ಓಡಬೇಕು, ಕೈಯ ವೇಗ ಬದಲಾದ ಹಾಗೆ ಅಳತೆಯೂ ಬದಲಾಗುತ್ತದೆ.

ಹಂತ 3: ಮೂತಿ, ಅಂದರೆ ಸುಳಿಯ ಮನೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇಡೀ ಯಂತ್ರದ ಜೀವ ಇರುವುದು ಇಲ್ಲಿ, ಕೊನೆಯ ಎರಡು ಮಿಲಿಮೀಟರಿನಲ್ಲಿ.

ಬರೀ ಸಣ್ಣ ತೂತು ಮಾಡಿ ನೀರು ಒತ್ತಿದರೆ ಮಂಜು ಬರುವುದಿಲ್ಲ. ಹೋಳಿಯ ಪಿಚಕಾರಿಯಂತೆ ನೇರ ಧಾರೆ ಬರುತ್ತದೆ. ಮಂಜು ಬೇಕಾದರೆ ನೀರನ್ನು ಮೊದಲು ತೆಳು ಹಾಳೆ ಮಾಡಬೇಕು. ಹಾಳೆ ಮಾಡಲು ಅದನ್ನು ತಿರುಗಿಸಬೇಕು.

ಕಿತ್ತಳೆ ಮೂತಿಯನ್ನು ಎಳೆದು ತೆಗೆದು ಒಳಗೆ ಟಾರ್ಚ್ ಬಿಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ನಡುವೆ ಒಂದು ಪುಟ್ಟ ಗುಂಡನೆಯ ತಗ್ಗು, ಅದರ ತಳದಲ್ಲಿ ತೂತು. ತಗ್ಗಿಗೆ ಎರಡೋ ಮೂರೋ ಸಣ್ಣ ಕಾಲುವೆಗಳು ಬಂದು ಸೇರುತ್ತವೆ. ಸರಿಯಾಗಿ ನೋಡಿ: ಅವು ನೇರ ನಡುವಿಗೆ ಬರುವುದಿಲ್ಲ, ಅಂಚನ್ನು ಸವರಿಕೊಂಡು ಓರೆಯಾಗಿ ಬರುತ್ತವೆ. ಅಷ್ಟೇ ಗುಟ್ಟು. ಹಾಗೆ ಅಂಚಿನಿಂದ ನುಗ್ಗಿದ ನೀರು ತಗ್ಗಿನಲ್ಲಿ ಗಿರ್ರನೆ ಸುತ್ತುತ್ತದೆ. ಕೆರೆ ತೂಬು ತೆಗೆದಾಗ ಏಳುವ ಸುಳಿ ನೋಡಿದ್ದೀರಲ್ವಾ? ನಡುವೆ ಗಾಳಿಯ ಕೊಳವೆ, ಸುತ್ತ ನೀರು. ಇಲ್ಲೂ ಹಾಗೇ. ತೂತಿನ ನಡುವೆಲ್ಲ ಗಾಳಿ ತುಂಬಿ, ನೀರು ಗೋಡೆಗೆ ಅಂಟಿಕೊಂಡು ತೆಳುವಾಗಿ ಹೊರಬರುತ್ತದೆ. ಹೊರಗೆ ಬಂದ ಕೂಡಲೇ ಹಿಡಿಯಲು ಗೋಡೆ ಇಲ್ಲ. ತಿರುಗುವ ರಭಸಕ್ಕೆ ಲಂಗದ ಹಾಗೆ ಅಗಲವಾಗುತ್ತದೆ. ಅಗಲವಾದಷ್ಟೂ ತೆಳುವಾಗುತ್ತದೆ, ನಡುಗುತ್ತದೆ, ಎಳೆಎಳೆಯಾಗಿ ಹರಿದು ಹನಿಯಾಗುತ್ತದೆ. ಇದು ಒಳಗೆ ಟೊಳ್ಳಾದ ಶಂಕು. ಅದಕ್ಕೇ ಹತ್ತಿರದಿಂದ ಕಾಗದಕ್ಕೆ ಹೊಡೆದರೆ ತುಂಬಿದ ಬೊಟ್ಟಲ್ಲ, ಬಳೆಯಾಕಾರ ಮೂಡುತ್ತದೆ.

ಈ ಸುಳಿ ಮೂತಿ ಹುಟ್ಟಿದ್ದು ಸೆಂಟಿನ ಅಂಗಡಿಯಲ್ಲಲ್ಲ, ಹತ್ತಿ ಹೊಲದಲ್ಲಿ. 1880ರ ಸುಮಾರಿಗೆ ಅಮೆರಿಕದಲ್ಲಿ ಹತ್ತಿ ಹುಳುವಿನ ಕಾಟದ ಬಗ್ಗೆ ಸಿ.ವಿ. ರೈಲಿ ಎಂಬ ಕೀಟತಜ್ಞರ ತಂಡ ಕೆಲಸ ಮಾಡುತ್ತಿತ್ತು. ಆ ತಂಡದ ಡಬ್ಲ್ಯು.ಎಸ್. ಬರ್ನಾರ್ಡ್ ಇದನ್ನು ರೂಪಿಸಿದರು. ಸೈಕ್ಲೋನ್ ನಾಝಲ್ ಎಂದು ಹೆಸರಾಯಿತು. ಫ್ರಾನ್ಸಿನ ವರ್ಮೊರೆಲ್ ಅದನ್ನು ಬೆನ್ನಿನ ಸ್ಪ್ರೇಯರಿಗೆ ಹಾಕಿ ದ್ರಾಕ್ಷಿ ತೋಟಗಳಿಗೆ ತಲುಪಿಸಿದರು.

ವಿನ್ಯಾಸಕ್ಕೆ ಬೇಕಾದ ಅಳತೆಗಳು ಹೀಗಿರಲಿ. ಟ್ರಿಗರ್ ಬಾಟಲಿಗೆ ತೂತು ಅರ್ಧ ಮಿಲಿಮೀಟರಿನ ಆಸುಪಾಸು, ನಯ ಮಂಜಿನ ಬೆರಳು ಪಂಪಿಗೆ 0.3 ಮಿ.ಮೀ. ಸುಳಿಯ ತಗ್ಗಿನ ಅಗಲ ತೂತಿನ ಮೂರು ನಾಲ್ಕು ಪಟ್ಟು. ತೂತಿನ ಉದ್ದ ಆದಷ್ಟೂ ಗಿಡ್ಡ. ಉದ್ದವಾದರೆ ಸುಳಿಯ ಶಕ್ತಿ ಗೋಡೆಗೆ ಉಜ್ಜಿಯೇ ಮುಗಿಯುತ್ತದೆ. ಕಾಲುವೆಗಳನ್ನು ಕಿರಿದು ಮಾಡಿದರೆ ನೀರು ಜೋರಾಗಿ ತಿರುಗುತ್ತದೆ, ಶಂಕು ಅಗಲವಾಗುತ್ತದೆ. ಆದರೆ ಬೇಗ ಕಟ್ಟಿಕೊಳ್ಳುತ್ತದೆ.

ಮನೆಯಲ್ಲಿ ಡ್ರಿಲ್ ಹಿಡಿದು ಇದನ್ನು ಮಾಡಲು ಹೋಗಬೇಡಿ. ಸಾಮಾನ್ಯ ಪ್ಲಾಸ್ಟಿಕ್ ತಂತಿಯ 3ಡಿ ಪ್ರಿಂಟರಿನದೇ ಮೂತಿ 0.4 ಮಿ.ಮೀ. ಇರುತ್ತದೆ, ಅದು ಇಂಥ ಕಾಲುವೆ ಬಿಡಿಸೀತೇ? ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವ ರೆಸಿನ್ ಪ್ರಿಂಟರಿನಲ್ಲಿ ಪ್ರಯತ್ನಿಸಬಹುದು. ಮಾದರಿ ಮಾಡುವುದಕ್ಕಾದರೆ ಹಳೇ ಬಾಟಲಿಗಳ ಮೂತಿ ಕಿತ್ತು ಒಂದೊಂದಾಗಿ ಹಾಕಿ ನೋಡುವುದೇ ಸುಲಭ.

ಹಂತ 4: ಒತ್ತಡದ ಲೆಕ್ಕ, ಪಿಸ್ಟನ್ನಿನ ಗಾತ್ರ

ಸುಳಿ ಏಳಲು ಸುಮಾರು 3 ಕೆ.ಜಿ. ಒತ್ತಡ ಬೇಕು, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 3 ಕೆ.ಜಿ. ಭಾರ. ಕಾರಿನ ಟೈರಿನಲ್ಲಿ ಇರುವುದಕ್ಕಿಂತ ಜಾಸ್ತಿ! ಇದು ಬೆರಳಿನಿಂದ ಬರುತ್ತದೆಯೇ?

ಬರುತ್ತದೆ. ಪಿಸ್ಟನ್ 12 ಮಿ.ಮೀ. ಅಗಲ ಇದೆ ಅನ್ನಿ. ಅದರ ಮುಖ 1.13 ಚದರ ಸೆಂಟಿಮೀಟರ್. ಟ್ರಿಗರ್ ಮೂಲಕ ಅದರ ಮೇಲೆ 4 ಕೆ.ಜಿ. ಭಾರ ಬಿದ್ದರೆ ಒತ್ತಡ 3.5 ಕೆ.ಜಿ. ಪಿಸ್ಟನ್ 10 ಮಿ.ಮೀ. ಚಲಿಸಿದರೆ ಹೊರಗೆ ಹೋಗುವ ದ್ರವ 1.13 ಎಂ.ಎಲ್. ಅಂಗಡಿಯ ಬಾಟಲಿಗಳು ಒಂದು ಒತ್ತಿಗೆ ಒಂದು ಎಂ.ಎಲ್. ಆಸುಪಾಸು ಕೊಡುವುದು ಸುಮ್ನೆ ಅಲ್ಲ.

ಈಗ ಆಸೆಪಟ್ಟು ಪಿಸ್ಟನ್ 20 ಮಿ.ಮೀ. ಮಾಡಿ ನೋಡಿ. ಮುಖ 3.14 ಚದರ ಸೆಂಟಿಮೀಟರ್ ಆಯಿತು. ಅದೇ ಕೈ, ಅದೇ 4 ಕೆ.ಜಿ. ಆದರೆ ಒತ್ತಡ 1.3ಕ್ಕೆ ಇಳಿಯಿತು. ನೀರು ಜಾಸ್ತಿ, ಮಂಜು ಇಲ್ಲ. ನನ್ನ ಮೊದಲ ಪ್ರಯೋಗ ಹಾಳಾದದ್ದು ಇಲ್ಲೇ. ಪಂಪು ದೊಡ್ಡದಾದರೆ ಶಕ್ತಿ ಜಾಸ್ತಿ ಅಂದುಕೊಂಡಿದ್ದೆ. ದಪ್ಪ ಪಿಚಕಾರಿಯೊಂದಕ್ಕೆ ಮೂತಿ ಸಿಕ್ಕಿಸಿ ಒತ್ತಿದೆ. ಬೆವರು ಬಂತು, ಮಂಜು ಬರಲಿಲ್ಲ. ನಯ ಮಂಜಿನ ಬೆರಳು ಪಂಪುಗಳ ಪಿಸ್ಟನ್ ಕಡ್ಡಿಯಷ್ಟು ಸಣ್ಣದಿರುವುದು, ಒಂದು ಒತ್ತಿಗೆ 0.1ರಿಂದ 0.2 ಎಂ.ಎಲ್. ಮಾತ್ರ ಬರುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ ನೆನಪಿಡಿ. ಅದೇ ಮೂತಿಯಿಂದ ಎರಡು ಪಟ್ಟು ದ್ರವ ಬೇಕಾದರೆ ಒತ್ತಡ ನಾಲ್ಕು ಪಟ್ಟು ಆಗಬೇಕು. ಹಾಗಾಗಿ ಜಾಸ್ತಿ ದ್ರವ ಬೇಕಾದವರು ಕೈಗೆ ಕಷ್ಟ ಕೊಡಬೇಡಿ, ಮೂತಿ ಬದಲಿಸಿ.

ಹಂತ 5: ಎರಡು ವಾಲ್ವ್

ಊರಿನ ಬೋರ್‌ವೆಲ್ ಹ್ಯಾಂಡ್ ಪಂಪಿನಲ್ಲಿ ಇರುವುದೇ ಇಲ್ಲೂ ಇದೆ. ಕೆಳಗೊಂದು ವಾಲ್ವ್ ದ್ರವ ಒಳಗೆ ಬರಲು, ಮೇಲೊಂದು ಹೊರಗೆ ಹೋಗಲು. ಒತ್ತಿದಾಗ ಕೆಳಗಿನದು ಮುಚ್ಚಬೇಕು, ಮೇಲಿನದು ತೆರೆಯಬೇಕು. ಬಿಟ್ಟಾಗ ತಿರುವುಮುರುವು. ಕೆಳಗಿನದಕ್ಕೆ ಗಾಜಿನ ಅಥವಾ ಸ್ಟೀಲಿನ ಗೋಲಿ ಸಾಕು. ಅದು ಕೂರುವ ಪೀಠ ನುಣುಪಾಗಿರಬೇಕು. ಒಂದು ಕೂದಲೆಳೆ ಸಿಕ್ಕಿಕೊಂಡರೂ ಪಂಪು ಬರೀ ಗಾಳಿ ತಿನ್ನುತ್ತದೆ.

ಮೇಲಿನ ವಾಲ್ವಿನಲ್ಲಿ ಜಾಣತನಕ್ಕೆ ಜಾಗವಿದೆ. ಅಗ್ಗದ ಟ್ರಿಗರನ್ನು ನಿಧಾನವಾಗಿ ಒತ್ತಿ ನೋಡಿ. ಮಂಜು ಬರುವ ಮೊದಲು ಮೂತಿಯಿಂದ ತೊಟ್ಟಿಕ್ಕುತ್ತದೆ, ಮುಗಿಯುವಾಗ ಮತ್ತೆ ತೊಟ್ಟಿಕ್ಕುತ್ತದೆ. ಒತ್ತಡ ಏರುವಾಗಲೂ ಇಳಿಯುವಾಗಲೂ ಬಾಗಿಲು ತೆರೆದೇ ಇರುತ್ತದೆ, ಅದಕ್ಕೆ. ಇದಕ್ಕೆ ಪರಿಹಾರ, ಮೇಲಿನ ವಾಲ್ವಿಗೆ ಗಟ್ಟಿ ಸ್ಪ್ರಿಂಗು ಕೊಡುವುದು. ಒತ್ತಡ ಸಾಕಷ್ಟು ಏರಿದ ಮೇಲೆಯೇ ಬಾಗಿಲು ಪಟ್ಟನೆ ತೆರೆಯುತ್ತದೆ, ಇಳಿದ ಕೂಡಲೇ ಪಟ್ಟನೆ ಮುಚ್ಚುತ್ತದೆ. ಸೆಂಟಿನ ಪಂಪುಗಳಲ್ಲಿ ಇರುವುದು ಇದೇ. ಮಗು ಒತ್ತಿದರೂ ಪೈಲ್ವಾನ್ ಒತ್ತಿದರೂ ಮಂಜು ಹೆಚ್ಚುಕಡಿಮೆ ಒಂದೇ ಥರ.

ಹಂತ 6: ಕೊಳವೆ, ಗಾಳಿತೂತು, ಕುತ್ತಿಗೆ

ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದರೆ ತಳಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಕೊಳವೆಯ ಬಾಗು ಮೂತಿಯ ಕಡೆಗೆ ಇರಲಿ. ನಾವು ಬಾಟಲಿಯನ್ನು ಮುಂದಕ್ಕೆ ಬಾಗಿಸಿ ಹಿಡಿಯುತ್ತೇವೆ, ಕೊನೆಯ ದ್ರವ ಮುಂದಿನ ಮೂಲೆಗೇ ಬಂದು ನಿಲ್ಲುತ್ತದೆ.

ಬಾಟಲಿಯಿಂದ ದ್ರವ ಹೊರಗೆ ಹೋದರೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆ ಸಿಲಿಂಡರ್ ಪಕ್ಕದಲ್ಲಿ ಒಂದು ಸೂಜಿಮೊನೆಯಷ್ಟು ತೂತಿರುತ್ತದೆ. ಟ್ರಿಗರ್ ಒತ್ತಿದಾಗ ಮಾತ್ರ ತೆರೆಯುವಂತೆ ಮಾಡಿರುತ್ತಾರೆ, ಬಾಟಲಿ ಮಗುಚಿದರೂ ಸೋರಬಾರದಲ್ಲ. ಬಳಸುತ್ತ ಬಳಸುತ್ತ ನಿಮ್ಮ ಬಾಟಲಿಯ ಹೊಟ್ಟೆ ಒಳಗೆ ಎಳೆದುಕೊಂಡರೆ ಈ ತೂತು ಕಟ್ಟಿದೆ ಅಂತ ತಿಳಿಯಿರಿ.

ಕುತ್ತಿಗೆಗೆ 28/400, 28/410 ಅಂತ ಅಳತೆಗಳಿವೆ. 28 ಅಂದರೆ ಮರೆಯ (ಮುಚ್ಚಳ ತಿರುಗಿಸಿ ಕೂರಿಸುವ ತಿರುಪಿನ) ಹೊರ ಅಗಲ, ಮಿಲಿಮೀಟರಿನಲ್ಲಿ. ಎರಡನೇ ಸಂಖ್ಯೆ ಮರೆಯ ಸುತ್ತಿನ ಮಾದರಿ: 400ಕ್ಕೆ ಒಂದು ಸುತ್ತು, 410ಕ್ಕೆ ಒಂದೂವರೆ. ಸಗಟು ಅಂಗಡಿಯಲ್ಲಿ ಬಾಟಲಿ ಒಂದು ಕಡೆ, ತಲೆ ಇನ್ನೊಂದು ಕಡೆ ತರುವವರು ಇದನ್ನು ಕೇಳಿಯೇ ತನ್ನಿ. ಎರಡರ ಅಳತೆ ಹೊಂದದಿದ್ದರೆ, ಕೂತ ಹಾಗೆ ಕಂಡರೂ ಮಗುಚಿದಾಗ ಸೋರುತ್ತದೆ.

ಹಂತ 7: ದ್ರವಕ್ಕೆ ತಕ್ಕ ವಸ್ತು

ಒಮ್ಮೆ ಬಚ್ಚಲು ತೊಳೆಯಲು ಬ್ಲೀಚ್ ದ್ರಾವಣವನ್ನು ಹಳೇ ಟ್ರಿಗರ್ ಬಾಟಲಿಗೆ ತುಂಬಿ ಮರೆತೆ. ಕೆಲವು ವಾರಗಳ ನಂತರ ಟ್ರಿಗರ್ ಒತ್ತಿದೆ, ವಾಪಸ್ ಬರಲೇ ಇಲ್ಲ. ಬಿಚ್ಚಿದರೆ ಸ್ಪ್ರಿಂಗು ತುಕ್ಕು ಹಿಡಿದು ಎರಡು ತುಂಡಾಗಿತ್ತು. ಸ್ಟೇನ್‌ಲೆಸ್ ಸ್ಟೀಲನ್ನೂ ಬ್ಲೀಚ್ ಬಿಡುವುದಿಲ್ಲ. ಬ್ಲೀಚಿಗೆ ಸ್ಪ್ರಿಂಗು ದ್ರವದ ದಾರಿಯಿಂದ ಹೊರಗಿರುವ ಅಥವಾ ಪೂರ್ತಿ ಪ್ಲಾಸ್ಟಿಕ್ಕಿನ ತಲೆ ಆರಿಸಿ. ಹಾಗೇ, ಬ್ಲೀಚ್ ಇದ್ದ ಬಾಟಲಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಹಾಕಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ. ಸ್ಪಿರಿಟ್ ಇರುವ ದ್ರವವನ್ನು ಒಲೆ, ದೀಪದ ಹತ್ತಿರ ಹೊಡೆಯಬೇಡಿ.

ದಪ್ಪ ದ್ರವದ ಕಥೆ ಬೇರೆ. ಸಾರು ಸುಳಿಯುತ್ತದೆ, ಗಟ್ಟಿ ಸಾಂಬಾರು ಸುಳಿಯುವುದಿಲ್ಲ ಅಲ್ವಾ? ಬೇವಿನೆಣ್ಣೆಯನ್ನು ಹಾಗೇ ಸುರಿದರೆ ಧಾರೆ ಬರುತ್ತದೆ ಅಷ್ಟೇ. ಮೊದಲು ಸೋಪಿನ ದ್ರಾವಣದಲ್ಲಿ ಚೆನ್ನಾಗಿ ಕಲಸಿ ಹಾಲಿನಂತೆ ಮಾಡಿ, ಆಮೇಲೆ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ ತುಂಬಿ. ಆ ದಿನವೇ ಮುಗಿಸಿ.

ಹಂತ 8: ಪರೀಕ್ಷೆ

ನೀರಿಗೆ ಎರಡು ಹನಿ ಪೆನ್ನಿನ ಇಂಕು ಹಾಕಿ. ಹಳೇ ಪೇಪರನ್ನು ಗೋಡೆಗೆ ಅಂಟಿಸಿ, ಒಂದು ಅಡಿ ದೂರದಿಂದ ಒಮ್ಮೆ ಹೊಡೆಯಿರಿ. ಸುತ್ತ ಸಮನಾದ ಬಳೆ ಬಂದರೆ ಮೂತಿ ಸರಿ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಖಾಲಿ ಇದ್ದರೆ ಒಂದು ಕಾಲುವೆ ಕಟ್ಟಿದೆ. ನಡುವೆ ದಪ್ಪ ಬೊಟ್ಟು ಬಿದ್ದರೆ ಸುಳಿಯೇ ಏಳುತ್ತಿಲ್ಲ. ನಂತರ ಇಪ್ಪತ್ತು ಒತ್ತು ದ್ರವವನ್ನು ಅಳತೆ ಲೋಟಕ್ಕೆ ಹಿಡಿದು ಇಪ್ಪತ್ತರಿಂದ ಭಾಗಿಸಿ. ಲೆಕ್ಕಕ್ಕಿಂತ ಕಡಿಮೆ ಬಂದರೆ ವಾಲ್ವಿನಲ್ಲೋ ಪಿಸ್ಟನ್ ಅಂಚಿನಲ್ಲೋ ಸೋರಿಕೆ ಇದೆ.

ಕಟ್ಟಿದ ಮೂತಿಗೆ ಪಿನ್ನು ಚುಚ್ಚಬೇಡಿ. ತೂತಿನ ಅಂಚು ಒಮ್ಮೆ ಗೀರಿದರೆ ಮುಗಿಯಿತು. ಬಿಸಿನೀರಲ್ಲಿ ನೆನೆಸಿ, ಹಳೇ ಟೂತ್ ಬ್ರಷ್ಷಿನ ಒಂದು ಎಳೆ ಸಾಕು. ಬಾಯಿಂದ ಊದುವುದಂತೂ ಬೇಡವೇ ಬೇಡ.

ಹಂತ 9: ದೊಡ್ಡದು ಮಾಡುವುದು

ಬಾಟಲಿಯಿಂದ ತೋಟಕ್ಕೆ ಬಂದರೆ ಒಂದು ಹೊಸ ತೊಂದರೆ. ಪ್ರತಿ ಒತ್ತಿನ ನಡುವೆ ಮಂಜು ನಿಲ್ಲಬಾರದು. ಬೆನ್ನಿನ ಸ್ಪ್ರೇಯರಿನಲ್ಲಿ ಇದಕ್ಕೆ ಗಾಳಿ ಕೋಣೆ ಇದೆ. ಪಂಪು ತಳ್ಳಿದ ದ್ರವ ಅಲ್ಲಿನ ಗಾಳಿಯನ್ನು ಅಮುಕುತ್ತದೆ. ಹಿಡಿ ವಾಪಸ್ ಬರುವಾಗ ಆ ಗಾಳಿಯೇ ದ್ರವವನ್ನು ಒತ್ತುತ್ತಿರುತ್ತದೆ.

ಗಾಳಿ ತುಂಬಿಟ್ಟು ಹೊಡೆಯುವ 2 ಲೀಟರ್ ಬಾಟಲಿಗಳಲ್ಲಿ ಮಾತ್ರ ಒಂದು ಮಿತಿ ಇದೆ. ಒಂದೂವರೆ ಲೀಟರ್ ದ್ರವ ತುಂಬಿ, ಉಳಿದ ಅರ್ಧ ಲೀಟರ್ ಜಾಗದಲ್ಲಿ ಗಾಳಿಯ ಒತ್ತಡವನ್ನು ಹೊರಗಿನ ಗಾಳಿಗಿಂತ 2.5 ಕೆ.ಜಿ. ಹೆಚ್ಚಿಗೆ ಏರಿಸಿದಿರಿ ಅನ್ನಿ. ಅರ್ಧ ಲೀಟರ್ ದ್ರವ ಖಾಲಿಯಾಗುವಷ್ಟರಲ್ಲಿ ಆ ಹೆಚ್ಚಿಗೆ 0.75ಕ್ಕೆ ಇಳಿದಿರುತ್ತದೆ. ಮತ್ತೆ ಪಂಪು ಹೊಡೆಯಲೇಬೇಕು. ಗಾಳಿಗೆ ಜಾಗ ಜಾಸ್ತಿ ಬಿಟ್ಟಷ್ಟೂ ಒತ್ತಡ ನಿಧಾನಕ್ಕೆ ಇಳಿಯುತ್ತದೆ. ಸೇಫ್ಟಿ ವಾಲ್ವ್ ಇಲ್ಲದ್ದನ್ನು ಮಾತ್ರ ಮುಟ್ಟಬೇಡಿ.

ಮಲೆನಾಡಿನ ಅಡಿಕೆ ತೋಟದಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಕೊಳೆ ರೋಗಕ್ಕೆ ಹಿಂದೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಬಗ್ಗೆ ಬರೆದು, ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದರು. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಆದರೆ ದ್ರಾವಣ ಮರದ ತುದಿಗೆ ಏರಬೇಕಲ್ಲ? ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಒತ್ತಡ ಬರೀ ಏರುವುದಕ್ಕೇ ಹೋಗುತ್ತದೆ. 15 ಮೀಟರ್ ಮರಕ್ಕೆ ಒಂದೂವರೆ. ಉದ್ದ ಪೈಪಿನ ಘರ್ಷಣೆ ಬೇರೆ. ಮೂತಿಯ ಹತ್ತಿರ 3 ಉಳಿಯಬೇಕಾದರೆ ಬೆನ್ನಿನ ಪಂಪು ಸಾಲುವುದಿಲ್ಲ. ಅದಕ್ಕೇ ಕೆಳಗೆ ಒಬ್ಬರು ನಿಂತು ಉದ್ದ ಹಿಡಿಯ ಪಂಪನ್ನು ಹಿಂದೆ ಮುಂದೆ ಎಳೆಯುತ್ತಿದ್ದರು, ಮರದ ಮೇಲಿನವರು ಗೊನೆಗೆ ಹೊಡೆಯುತ್ತಿದ್ದರು. ಉದ್ದ ಹಿಡಿ ಮತ್ತು ಸಣ್ಣ ಪಿಸ್ಟನ್ ಸೇರಿ ಅಲ್ಲಿ 10 ಕೆ.ಜಿ.ಗೂ ಮೀರಿದ ಒತ್ತಡ ಬರುತ್ತದೆ. ನಾಲ್ಕನೇ ಹಂತದ ಲೆಕ್ಕವೇ, ಟ್ರಿಗರ್ ಜಾಗದಲ್ಲಿ ಆಳುದ್ದದ ಹಿಡಿ.

ಬೋರ್ಡೋ ಹೊಡೆಯುವವರಿಗೆ ಎರಡು ಮಾತು. ದ್ರಾವಣಕ್ಕೆ ಉಜ್ಜಿದ ಚಾಕು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಹುಳಿ ಇನ್ನೂ ಉಳಿದಿದೆ, ಸುಣ್ಣ ಸೇರಿಸಿ. ಇಲ್ಲದಿದ್ದರೆ ಗೊನೆಗೂ ಕೇಡು, ಪಂಪಿನ ಕಬ್ಬಿಣಕ್ಕೂ ಕೇಡು. ಇನ್ನೊಂದು, ಆ ಸುಣ್ಣದ ಕಣಗಳು ಮೂತಿಯ ತೂತನ್ನು ಉಜ್ಜಿ ಅಗಲ ಮಾಡುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಹೊಸ ಮೂತಿ ಹಾಕಿದ ದಿನ ಒಂದು ನಿಮಿಷದಲ್ಲಿ ಬಂದ ನೀರು ಅಳೆದು, ಆ ಸಂಖ್ಯೆಯನ್ನು ಟ್ಯಾಂಕಿನ ಮೇಲೇ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಮತ್ತೆ ಅಳೆಯಿರಿ. ಹತ್ತನೇ ಒಂದು ಪಾಲು ಜಾಸ್ತಿ ಬರುತ್ತಿದ್ದರೆ ಮೂತಿ ಬದಲಿಸಿ.